ಬಯಲಿಗೆ ಬೇಕಾದದ್ದು ಹಸಿರುಮನೆಯಲ್ಲ, ಹಂದರ

ಮನೆಯಂಗಳದಲ್ಲಿ ಕಡಿಮೆ ಖರ್ಚಿನ ಗುಮ್ಮಟಾಕಾರದ ಹಸಿರುಮನೆ ಕಟ್ಟಿಕೊಳ್ಳಿರೆಂದು ಉಪದೇಶಿಸುವವರು ಆ ಅಂಗಳ ಯಾವ ಸೀಮೆಯದೆಂದು ಕೇಳುವುದಿಲ್ಲ. ಮಲೆನಾಡಿನಲ್ಲಿ ಪಾಲಿಥೀನ್ ಹೊದಿಕೆಗೆ ಅರ್ಥವಿದೆ. ಅದು ಜಡಿಮಳೆಯಿಂದ ಸಸಿಯನ್ನು ಕಾಯುತ್ತದೆ. ಅದೇ ನಕ್ಷೆಯನ್ನು ಯಾದಗಿರಿ, ಶಹಾಪುರ, ಸುರಪುರಗಳಿಗೆ ಹೊತ್ತೊಯ್ಯುವುದು ಅವಿವೇಕ. ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಆ ನೆಲದಲ್ಲಿ ಬೆಳೆಗೆ ಶಾಖದ ಕೊರತೆ ಎಂದಾದರೂ ಇತ್ತೆ?

ಹಸಿರುಮನೆ ಬೆಳೆದದ್ದು ಚಳಿನಾಡುಗಳ ಅಗತ್ಯಕ್ಕೆ. ಹಾಳೆಯ ಮೂಲಕ ಒಳಬಂದ ಬಿಸಿಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. 35 ಡಿಗ್ರಿ ದಾಟಿದರೆ ಟೊಮೆಟೊದ ಪರಾಗ ಸತ್ವಗುಂದಿ ಹೂವು ಕಾಯಾಗದೆ ಉದುರುತ್ತದೆ. ಮುಂಗಾರಿನ ನಾಟಿಗೆಂದು ಬೆಳೆಸುವ ಮೆಣಸಿನ ಸಸಿಯಂತೂ ಇಂಥ ಗೂಡಿನಲ್ಲಿ ಬೆಂದೇಹೋಗುತ್ತದೆ. ರೈತ ಮಾಡಿದ ಸಾಲ ಮಾತ್ರ ಸಸಿಯೊಡನೆ ಒಣಗುವುದಿಲ್ಲ.

ದೋಷ ಗುಮ್ಮಟದ್ದಲ್ಲ. ಗೋಲಗುಮ್ಮಟದ ನೆರೆಯಲ್ಲಿರುವವರಿಗೆ ಗುಮ್ಮಟದ ಬಲವನ್ನು ಪರದೇಶದವರು ಹೇಳಿಕೊಡಬೇಕಿಲ್ಲ. ಆದರೂ ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ 1954ರಲ್ಲಿ ಪೇಟೆಂಟ್ ಪಡೆದ ತ್ರಿಕೋನಜಾಲದ ಗುಮ್ಮಟ ನಿಜಕ್ಕೂ ಜಾಣ ರಚನೆ. ಗಾಳಿಯ ಒತ್ತಡ ಒಂದೇ ಕಂಬದ ಮೇಲೆ ಬೀಳದೆ ಇಡೀ ಜಾಲಕ್ಕೆ ಹಂಚಿಹೋಗುತ್ತದೆ. 4 ಮೀಟರ್ ವ್ಯಾಸದ ಸರಳ ಅರ್ಧಗೋಳಕ್ಕೆ 65 ಬಿದಿರುಗಳುಗಳು ಸಾಕು: ಗಂಟಿನಿಂದ ಗಂಟಿಗೆ 124 ಸೆಂಟಿಮೀಟರಿನವು 35, 109 ಸೆಂಟಿಮೀಟರಿನವು 30. ಕೂಡುವ 26 ಗಂಟುಗಳನ್ನು ತಂತಿಯಿಂದಲೋ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದಲೋ ಬಿಗಿಯಬಹುದು. ಹೈಸ್ಕೂಲು ವಿದ್ಯಾರ್ಥಿಗಳೇ ಅಳೆದು ಕಟ್ಟಿಯಾರು.

ತಕರಾರಿರುವುದು ಹೊದಿಕೆಯ ಬಗ್ಗೆ. ಹಾಳೆಯನ್ನು 40 ತ್ರಿಕೋನಗಳಾಗಿ ಕತ್ತರಿಸುವಾಗ ಚೂರುಪಾರು ಪೋಲಾಗುತ್ತದೆ. ಒಂದೊಂದು ಬೆಸುಗೆಯೂ ಸೀಳಿಗೆ ಆಹ್ವಾನ. ಬಿಸಿಲು ತಾಳುವಂತೆ ತಯಾರಿಸಿದ ಹಾಳೆಯೂ ಮೂರು ನಾಲ್ಕು ವರ್ಷಗಳಲ್ಲಿ ಚಿಂದಿಯಾಗಿ ಹೊಲ ಸೇರುತ್ತದೆ. ಇದನ್ನು ಪರಿಸರಸ್ನೇಹಿ ಎನ್ನಲು ಧೈರ್ಯ ಬೇಕು! ಅದೇ ಚೌಕಟ್ಟಿಗೆ ಶೇಕಡಾ 50ರ ನೆರಳುಬಲೆ ಹೊದಿಸಿದರೆ ಬಿಸಿಲು ಅರ್ಧವಾಗುತ್ತದೆ, ಗಾಳಿ ಆಡುತ್ತದೆ. ಬಲೆಯೂ ಪ್ಲಾಸ್ಟಿಕ್ಕೇ, ನಿಜ. ಆದರೆ ಅದು ಸಸಿಯನ್ನು ಬೇಯಿಸುವುದಿಲ್ಲ. ಪಡುವಣ ಬಿಸಿಲಿಗೆ ಹೊಲದ ತೊಗರಿಕಟ್ಟಿಗೆಯ ತಡಿಕೆಯೇ ಸಾಕು. ಇದನ್ನೇ ಆ ಸೀಮೆಯವರು ಹಂದರವೆಂದು ಹಿಂದಿನಿಂದಲೂ ಬಲ್ಲರು.

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವೇ ಇದೆ. ಎಲ್ಲ ಜಿಲ್ಲೆಗೂ ಒಂದೇ ನಕ್ಷೆ ಹಂಚುವವರು ಮೊದಲು ಅಲ್ಲಿ ಹಾಳೆಯದೊಂದು, ಬಲೆಯದೊಂದು ಗುಮ್ಮಟವನ್ನು ಅಕ್ಕಪಕ್ಕ ನಿಲ್ಲಿಸಿ, ಮೇ ತಿಂಗಳ ನಡುಹಗಲಿನಲ್ಲಿ ಎರಡರೊಳಗೂ ಉಷ್ಣಮಾಪಕ ತೂಗಿಬಿಡಲಿ.