ಹಂಡೆಯ ಕುತ್ತಿಗೆಯ ಮೇಲಿನ ಹೆಸರು

ನನ್ನ ತಮ್ಮ ಮಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಹಾಲ್‌ನ ಅಲಂಕಾರಕ್ಕೆ ಹಳೆಯ ಹಿತ್ತಾಳೆ ಸಾಮಾನೇ ಬೇಕೆಂದು ಅವನ ಹಠ. ವ್ಯಾಪಾರದ ಕೆಲಸಕ್ಕೆ ನಾನು ಉಮರ್ಗಾ, ನಿಲಂಗಾ, ಉದಗೀರ್ ಕಡೆ ಹೋಗಿಬರುವುದು ಅವನಿಗೆ ಗೊತ್ತು. "ಅಲ್ಲಿ ಅಗ್ಗಕ್ಕೆ ಸಿಗುತ್ತದಂತೆ, ನಾಲ್ಕೈದು ತನ್ನಿ" ಎಂದ.

ಈ ಮೂರೂ ಊರು ಈಗ ಮಹಾರಾಷ್ಟ್ರದಲ್ಲಿವೆ. ಆದರೆ 1956ರವರೆಗೆ ಉದಗೀರ್, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳು. ಪೇಟೆಯಲ್ಲಿ ಇಂದಿಗೂ ಮರಾಠಿ, ದಖನಿ, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನಮಗೆ ಅಂಥ ಊರು ಪರಕೀಯ ಅನಿಸುವುದಿಲ್ಲ.

ಉದಗೀರಿನ ಒಂದು ಗುಜರಿ ಅಂಗಡಿಯಲ್ಲಿ ಹಂಡೆ, ಸ್ನಾನದ ನೀರಿನ ಘಂಗಾಳ, ಸಮಯಿ ದೀಪ, ಪಾನ್‌ದಾನ್ ಎಲ್ಲ ರಾಶಿ ಬಿದ್ದಿದ್ದವು. ಒಂದು ಹಂಡೆಯ ಕುತ್ತಿಗೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಹೆಣ್ಣಿನ ಹೆಸರು. ಆ ಕಡೆ ಮದುವೆಗೆ ಕೊಡುವ ಪಾತ್ರೆಗೆ ಹಾಗೆ ಹೆಸರು ಹಾಕಿಸುತ್ತಾರೆ. "ಇದು ಯಾರದು?" ಎಂದೆ. "ಯಾರ ಮನೀದೋ ಏನೋ ಸಾಹೇಬ್ರ, ನಮಗ ತೂಕಕ್ಕ ಬರ್ತಾವ" ಎಂದರು ಅಂಗಡಿಯವರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪಕ್ಕೆ ಹೆಚ್ಚು ತುತ್ತಾದದ್ದು ಇಲ್ಲಿಯ ಔಸಾ, ಉಮರ್ಗಾ ತಾಲೂಕುಗಳೇ. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಹತ್ತಿರ ಹತ್ತಿರ 10,000. ಈ ಹಂಡೆ ಅಂಥ ಮನೆಯದೆಂದು ನಾನು ಹೇಳುತ್ತಿಲ್ಲ. ಆದರೆ ಆ ನೆಲದಲ್ಲಿ ನಿಂತು, ಹೆಸರಿರುವ ಹಂಡೆಯನ್ನು ಶೋಪೀಸೆಂದು ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ.

ಇನ್ನೊಂದು ಕಾರಣ ನನ್ನದೇ ತಪ್ಪು. ನಮ್ಮಲ್ಲೂ ಹಿತ್ತಾಳೆ ಇತ್ತು: ವುಳೂ ಮಾಡುವ ಕಿಂಡಿ, ಎಲೆಯಡಿಕೆ ತಟ್ಟೆ, ನೀರು ಕಾಯಿಸುವ ದೊಡ್ಡ ಹಂಡೆ. ಕಲಾಯಿಯವರು ಬರುವುದು ನಿಂತ ಮೇಲೆ ಅವು ಅಟ್ಟ ಸೇರಿದವು. ಒಂದು ರಂಝಾನಿನ ಮುಂಚೆ ಅಟ್ಟ ತೆರವು ಮಾಡಿ, ಎಲ್ಲವನ್ನೂ ಗುಜರಿಯವರಿಗೆ ತೂಗಿ ಕೊಟ್ಟವನು ನಾನೇ. ಉಮ್ಮ ಏನೂ ಹೇಳಲಿಲ್ಲ. ಒಂದು ಚೆಂಬನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ನಮ್ಮ ಕಿಂಡಿಯೂ ಇಂದು ಯಾರದೋ ಶೋಕೇಸಿನಲ್ಲಿ ಊರು ಹೆಸರಿಲ್ಲದೆ ನಿಂತಿರಬಹುದು.

ಹಾಗೆಂದು ಮನೆಗೆ ಹಿತ್ತಾಳೆ ಬೇಡವೆನ್ನುವುದಿಲ್ಲ. ಮೊದಲು ನಮ್ಮ ಅಟ್ಟ, ತರವಾಡು ಮನೆ, ಮಾಮಿಯರ ಅಡುಗೆಮನೆ ಹುಡುಕೋಣ. ಸಿಕ್ಕಿದ್ದು ಯಾರದು, ಯಾವ ಮದುವೆಗೆ ಬಂದದ್ದು ಎಂದು ಹಿರಿಯರಿಂದ ಕೇಳಿ ಬರೆದಿಡೋಣ. ಕೊಳ್ಳುವುದೇ ಆದರೆ ಕಣ್ಣು ತೆರೆದು ಕೊಳ್ಳೋಣ. ಹೊಸ ಹಿತ್ತಾಳೆಗೆ ಆಸಿಡ್ ಹಚ್ಚಿ ಕಪ್ಪು ಮಾಡಿ 'ಆ್ಯಂಟಿಕ್' ಎಂದು ಮಾರುವವರಿದ್ದಾರೆ. ನಿಜವಾಗಿ ಬಳಸಿದ ಪಾತ್ರೆ ಕೈ ಹಿಡಿಯುವಲ್ಲಿ, ನೆಲಕ್ಕೆ ತಾಗುವಲ್ಲಿ ಸವೆದಿರುತ್ತದೆ. ಆಸಿಡ್‌ನ ಕಪ್ಪು ಎಲ್ಲ ಕಡೆ ಒಂದೇ ಸಮ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡಿ. ಗಲ್ಫಿನ ಮನೆಗೆ ಒಯ್ಯುವವರಿಗೂ ಒಂದು ಮಾತು: ನೂರು ವರ್ಷ ದಾಟಿದ ಇಂಥ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸುತ್ತದೆ. ಇನ್ನು ಸಮಯಿ ದೀಪ. ಅದು ಇನ್ನೊಬ್ಬರ ದೇವರ ಮುಂದೆ ಉರಿದದ್ದು. ಅದಕ್ಕೆ ಪ್ಲಾಸ್ಟಿಕ್ ಹೂ ಸಿಕ್ಕಿಸಿ ಮೂಲೆಯಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮಸೀದಿಯ ವಸ್ತುವನ್ನು ಯಾರಾದರೂ ಹಾಗೆ ಇಟ್ಟರೆ ನಮಗೆ ಹೇಗಾದೀತು?

ತಮ್ಮನ ಮನೆಗೆ ಬರಿಗೈಯಲ್ಲಿ ಹೋದೆ. ಅವನಿಗೆ ಸಿಟ್ಟು ಬಂತು. ಗೃಹಪ್ರವೇಶದ ದಿನ ಉಮ್ಮ ಆ ಚೆಂಬನ್ನು ಹುಣಸೆಹುಳಿಯಲ್ಲಿ ಉಜ್ಜಿ ತಂದರು. ಅವನು ಅದನ್ನು ಶೋಕೇಸಿನಲ್ಲಿಡಲು ಹೋದಾಗ ತಡೆದು, ನೀರು ತುಂಬಿ ಊಟದ ಮೇಜಿನ ಮೇಲಿಟ್ಟರು. ಈಗಲೂ ಅಲ್ಲೇ ಇದೆ.