ಗೊರಕೆ, ಗಡಿ ಮತ್ತು ಕಾಯುವ ಇರುಳುಗಳು

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಕನ್ನಡ ನುಡಿಯುವ ಎಲ್ಲ ಸೀಮೆಗಳಲ್ಲಿಯೂ ಬಳಕೆಯಲ್ಲಿದೆ. ಕುಳಿತಲ್ಲಿಯೇ ನಿದ್ರಿಸುವವನು ನಿಶ್ಚಿಂತನೆಂದೂ, ಗೊರಕೆ ಹೊಡೆಯುವವನು ಗಾಢನಿದ್ರೆಯ ಸುಖವನ್ನು ಪಡೆದವನೆಂದೂ ಜನಮನ ತಲೆಮಾರುಗಳಿಂದ ನಂಬಿಕೊಂಡು ಬಂದಿದೆ. ಆದರೆ ಕಳೆದ ಅರ್ಧ ಶತಮಾನದ ವೈದ್ಯಶಾಸ್ತ್ರ ಈ ನಂಬಿಕೆಯನ್ನು ಬುಡಮೇಲು ಮಾಡಿದೆ. ಸಂತೆಯಲ್ಲಿಯೂ, ಬಸ್ಸಿನಲ್ಲಿಯೂ, ಹೊಲಿಗೆ ಯಂತ್ರದ ಮುಂದೆಯೂ ತೂಕಡಿಸುವವನಿಗೆ ಕೊರತೆಯಾಗಿರುವುದು ಚಿಂತೆಯಲ್ಲ, ಇರುಳಿನ ಉಸಿರು ಎಂಬುದು ಈಗ ತಿಳಿದ ಸಂಗತಿ. ಸ್ಲೀಪ್ ಅಪ್ನಿಯಾ ಎಂದು ಕರೆಯಲಾಗುವ ಈ ಕಾಯಿಲೆ ರಾಯದುರ್ಗ, ಮಡಕಶಿರಾಗಳಂತಹ ಗಡಿನಾಡಿನ ಊರುಗಳಲ್ಲಿ ಒಂದು ವಿಶೇಷ ಪ್ರಶ್ನೆಯನ್ನು ಎತ್ತುತ್ತದೆ. ರೋಗ ಪತ್ತೆಯಾದ ದಿನಕ್ಕೂ ಚಿಕಿತ್ಸೆ ಆರಂಭವಾಗುವ ದಿನಕ್ಕೂ ನಡುವಿನ ಇರುಳುಗಳಿಗೆ ಹೊಣೆ ಯಾರು?

ಕಾಯಿಲೆಯ ಸ್ವರೂಪ ಸರಳವಾದುದು. ಗಂಟಲಿನ ಹಿಂಭಾಗದ ಉಸಿರಿನ ದಾರಿಗೆ ಎಲುಬಿನ ಆಸರೆಯಿಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳ ಬಿಗಿ. ನಿದ್ರೆಯಲ್ಲಿ ಆ ಬಿಗಿ ಸಡಿಲಗೊಂಡಾಗ ನಾಲಗೆ ಹಿಂದಕ್ಕೆ ಸರಿಯುತ್ತದೆ, ದಾರಿ ಕಿರಿದಾಗುತ್ತದೆ, ಕೆಲವರಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಲೇ ಮಿದುಳು ಬೆಚ್ಚಿ ಎಚ್ಚರಗೊಂಡು ದಾರಿಯನ್ನು ಮತ್ತೆ ತೆರೆಸುತ್ತದೆ. ಮಲಗಿದವನಿಗೆ ಇದರ ನೆನಪೂ ಉಳಿಯುವುದಿಲ್ಲ. ಕನಿಷ್ಠ 10 ಸೆಕೆಂಡುಗಳ ಕಾಲ ಉಸಿರು ನಿಲ್ಲುವ ಅಥವಾ ಕುಗ್ಗುವ ಇಂತಹ ಪ್ರಸಂಗಗಳು ಗಂಟೆಗೆ 5ರಿಂದ 15ರವರೆಗೆ ಇದ್ದರೆ ಅದನ್ನು ಸೌಮ್ಯವೆಂದೂ, 15ರಿಂದ 30ರವರೆಗೆ ಇದ್ದರೆ ಮಧ್ಯಮವೆಂದೂ, 30ನ್ನು ಮೀರಿದರೆ ತೀವ್ರವೆಂದೂ ವೈದ್ಯರು ಎಣಿಸುತ್ತಾರೆ. ಗಂಟೆಗೆ 30 ಸಲವೆಂದರೆ ಎರಡು ನಿಮಿಷಕ್ಕೊಮ್ಮೆ ಉಸಿರು ಕಟ್ಟಿದಂತೆ. ಎಂಟು ಗಂಟೆ ಮಲಗಿಯೂ ದಣಿದೇ ಏಳುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಏರಿದ ರಕ್ತದೊತ್ತಡ, ಹೃದಯದ ಲಯ ತಪ್ಪುವಿಕೆ, ಪಾರ್ಶ್ವವಾಯು, ರಸ್ತೆ ಅಪಘಾತ ಇವೆಲ್ಲವುಗಳೊಡನೆ ಈ ಕಾಯಿಲೆಗೆ ನಂಟಿದೆ. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಲ್ಲಿ ಈ ತೊಂದರೆಯಿದೆಯೆಂದೂ, ಅವರಲ್ಲಿ ಸುಮಾರು 4.7 ಕೋಟಿ ಜನರದು ಮಧ್ಯಮ ಅಥವಾ ತೀವ್ರ ಸ್ವರೂಪದ್ದೆಂದೂ ಅಂದಾಜು ಮಾಡಿತು. ಇದು ಕೇವಲ ಮಹಾನಗರದ, ಸ್ಥೂಲಕಾಯರ, ಸಿರಿವಂತರ ಕಾಯಿಲೆಯೆಂಬ ಮಾತು ನಿಲ್ಲುವುದಿಲ್ಲ. ದವಡೆಯ ರಚನೆಯ ಕಾರಣದಿಂದ ತೆಳ್ಳಗಿನವರಿಗೂ ಇದು ಬರುತ್ತದೆ.

ಚಿಕಿತ್ಸೆಯ ಕಥೆ ಇನ್ನೂ ಸೋಜಿಗದ್ದು. 1981ಕ್ಕಿಂತ ಮೊದಲು ತೀವ್ರ ರೋಗಿಗಳಿಗೆ ಉಳಿದಿದ್ದ ಮುಖ್ಯ ದಾರಿ, ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನೇರವಾಗಿ ಗಾಳಿ ಬಿಡುವ ಶಸ್ತ್ರಕ್ರಿಯೆ. ಆ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ಮೂಗಿನ ಮೂಲಕ ಹದವಾದ ಒತ್ತಡದ ಗಾಳಿಯನ್ನು ಎಡೆಬಿಡದೆ ಹರಿಸಿ, ಐವರು ರೋಗಿಗಳ ಗಂಟಲಿನ ದಾರಿ ಮುಚ್ಚದಂತೆ ತಡೆದ ವರದಿಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಇಂದಿನ ಸಿಪ್ಯಾಪ್. ಮಾತ್ರೆಯಲ್ಲ, ಚುಚ್ಚುಮದ್ದಲ್ಲ, ಒಂದು ಪುಟ್ಟ ಯಂತ್ರ, ಒಂದು ಕೊಳವೆ, ಒಂದು ಮಾಸ್ಕ್. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಲ್ಲಿ ತಿರುವುಮುರುವಾಗುತ್ತದೆ. ರೋಗಿ ಬಯಸುವುದು ಗುಳಿಗೆಯನ್ನು; ವೈದ್ಯ ಹೇಳುವುದು ಪ್ರತಿ ರಾತ್ರಿ ಮುಖಕ್ಕೆ ಕಟ್ಟಿಕೊಳ್ಳಬೇಕಾದ ಗಾಳಿಯನ್ನು.

ಈ ಯಂತ್ರ ಮನೆಗೆ ಬರುವ ಮುನ್ನ ಹಲವು ಹೊಸ್ತಿಲುಗಳನ್ನು ದಾಟಬೇಕು. ಮೊದಲು ನಿದ್ರೆಯ ಪರೀಕ್ಷೆ, ಅನಂತರ ವರದಿ, ಅನಂತರ ಎಷ್ಟು ಒತ್ತಡದ ಗಾಳಿ ಬೇಕೆಂದು ನಿರ್ಧರಿಸುವ ಮತ್ತೊಂದು ರಾತ್ರಿ, ಇಲ್ಲವೇ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರದೊಡನೆ ಕೆಲವು ದಿನಗಳ ಪ್ರಯೋಗ, ಅನಂತರ ಮುಖಕ್ಕೆ ಹೊಂದುವ ಮಾಸ್ಕ್, ಇವೆಲ್ಲಕ್ಕೂ ಮಿಗಿಲಾಗಿ ಹಣ. ಕಾಯುವಿಕೆ ಬಡ ದೇಶಗಳ ಪಾಡು ಮಾತ್ರವೂ ಅಲ್ಲ. 2021ರ ಜೂನ್ ತಿಂಗಳಿನಲ್ಲಿ ಫಿಲಿಪ್ಸ್ ಕಂಪನಿ ಸದ್ದು ತಗ್ಗಿಸುವ ಫೋಮ್ ಶಿಥಿಲವಾಗುವ ಕಾರಣಕ್ಕೆ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿದಾಗ, ಸಿರಿವಂತ ದೇಶಗಳ ರೋಗಿಗಳೂ ತಿಂಗಳುಗಟ್ಟಲೆ ಕಾಯಬೇಕಾಯಿತು. ಆದರೆ ಅಲ್ಲಿ ಕಾಯುವವರಿಗೆ ಒಂದು ಪಟ್ಟಿಯಿತ್ತು, ಆ ಪಟ್ಟಿಗೆ ಒಬ್ಬ ಒಡೆಯನಿದ್ದ. ಗಡಿನಾಡಿನಲ್ಲಿ ಕಾಯುವವನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ವರದಿಯನ್ನು ಕೈಗಿತ್ತ ಕ್ಷಣಕ್ಕೆ ಆಸ್ಪತ್ರೆಯ ಕೆಲಸ ಮುಗಿಯುತ್ತದೆ. ಮುಂದಿನದೆಲ್ಲವೂ ಅವನ ಜೇಬಿನ ಪಾಲು.

ಗಡಿಯ ಭೂಗೋಲ ಈ ತೊಡಕನ್ನು ಇಮ್ಮಡಿಗೊಳಿಸುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ರಾಯದುರ್ಗವು ಅನಂತಪುರ ಜಿಲ್ಲೆಯ ಭಾಗವಾಯಿತು. ಆದರೂ ಅದಕ್ಕೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಮಡಕಶಿರಾವಂತೂ ಮೂರು ದಿಕ್ಕಿನಲ್ಲಿ ಕರ್ನಾಟಕವನ್ನೇ ಮಗ್ಗುಲಲ್ಲಿಟ್ಟುಕೊಂಡ ಸೀಮೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದ ಮೇಲೆ ಅದರ ಜಿಲ್ಲಾ ಕೇಂದ್ರ ಪುಟ್ಟಪರ್ತಿಗೆ ಬದಲಾಯಿತು. ಇಲ್ಲಿನ ರೋಗಿ ಪರೀಕ್ಷೆಗೆ ಬಳ್ಳಾರಿಗೋ ಬೆಂಗಳೂರಿಗೋ ಹೋಗುವುದು ಸಹಜ. ಆದರೆ ಅವನ ಪಡಿತರ ಚೀಟಿ ಆಂಧ್ರದ್ದು. ರಾಜ್ಯಗಳ ಆರೋಗ್ಯ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳನ್ನೂ ಆಸ್ಪತ್ರೆಗಳನ್ನೂ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಹುಟ್ಟಿದವು. ಉಸಿರು ಕಟ್ಟುವುದಕ್ಕೆ ರಾಜ್ಯದ ಗಡಿಯಿಲ್ಲ. ಉಸಿರು ಬಿಡಿಸುವ ಹಣಕ್ಕೆ ಇದೆ.

ಯೋಜನೆಗಳ ಸ್ವರೂಪದಲ್ಲಿಯೇ ಇನ್ನೊಂದು ಕೊರತೆಯಿದೆ. 2007ರಲ್ಲಿ ಅವಿಭಜಿತ ಆಂಧ್ರದಲ್ಲಿ ಆರಂಭವಾದ ಆರೋಗ್ಯಶ್ರೀ ಆಗಲಿ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆಗಲಿ, ಬಡವರನ್ನು ಆಸ್ಪತ್ರೆಯ ದೊಡ್ಡ ವೆಚ್ಚದಿಂದ ಕಾಪಾಡಿದ್ದು ದಿಟ. ಆದರೆ ಅವುಗಳ ಕಲ್ಪನೆಯ ಕೇಂದ್ರದಲ್ಲಿರುವುದು ಆಸ್ಪತ್ರೆಯ ಹಾಸಿಗೆ. ದಾಖಲಾಗುವುದು, ಶಸ್ತ್ರಕ್ರಿಯೆ, ಬಿಡುಗಡೆ ಎಂಬ ಕ್ರಮಕ್ಕೆ ಒಗ್ಗುವ ರೋಗಗಳಿಗೆ ಅಲ್ಲಿ ಸ್ಥಾನ ಸುಲಭ. ಮನೆಯ ಹಾಸಿಗೆಯಲ್ಲಿ, ಪ್ರತಿ ರಾತ್ರಿ, ವರ್ಷಾನುವರ್ಷ ನಡೆಯಬೇಕಾದ ಚಿಕಿತ್ಸೆ ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಹತ್ತಾರು ಸಾವಿರ ರೂಪಾಯಿ ಬೆಲೆಯ ಯಂತ್ರವನ್ನು ರಾಯದುರ್ಗದ ಜೀನ್ಸ್ ಹೊಲಿಗೆಯ ಕೆಲಸಗಾರನು ಒಮ್ಮೆಗೇ ಕೊಳ್ಳಲಾರ. ಕೇಂದ್ರ ಸರ್ಕಾರದ ನೌಕರರಿಗೆ ನಿಯಮಾನುಸಾರ ಇದರ ವೆಚ್ಚ ಮರಳಿ ದೊರೆಯುವ ವ್ಯವಸ್ಥೆಯಿರುವಾಗ, ಅದೇ ತತ್ತ್ವವನ್ನು ಶೇಂಗಾ ಬೆಳೆಗಾರನಿಗೂ ರೇಷ್ಮೆ ಸಾಕುವವನಿಗೂ ವಿಸ್ತರಿಸಬಾರದೆನ್ನಲು ನ್ಯಾಯವಾದ ಕಾರಣ ಕಾಣದು. ಪೂರ್ತಿ ಬೆಲೆಯನ್ನು ಕೊಡಲಾಗದಿದ್ದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವು ಯಂತ್ರಗಳನ್ನಿರಿಸಿ, ಸ್ವಂತ ಯಂತ್ರ ಬರುವವರೆಗೆ ಎರವಲು ನೀಡುವುದು ಸಾಧ್ಯವಿದೆ. ಒಂದು ಯಂತ್ರ, ಹೊಸ ಮಾಸ್ಕ್ ಮತ್ತು ಕೊಳವೆಯೊಡನೆ, ಶುದ್ಧಗೊಂಡು ಒಬ್ಬರಾದ ಮೇಲೊಬ್ಬರಿಗೆ ನೆರವಾಗಬಲ್ಲದು.

ಇದಕ್ಕೆ ಎದುರುವಾದವೂ ಇದೆ, ಅದನ್ನು ಅಲಕ್ಷಿಸಲಾಗದು. ವರ್ಷಗಟ್ಟಲೆ ಗೊರಕೆ ಹೊಡೆದವನಿಗೆ ಇನ್ನೆರಡು ತಿಂಗಳಲ್ಲಿ ಏನಾದೀತು, ಬರಪೀಡಿತ ಜಿಲ್ಲೆಯಲ್ಲಿ ಇದಕ್ಕಿಂತ ತುರ್ತಿನ ರೋಗಗಳಿಲ್ಲವೇ ಎಂದು ಕೇಳುವವರುಂಟು. 2016ರಲ್ಲಿ ಪ್ರಕಟವಾದ 'ಸೇವ್' ಎಂಬ ದೊಡ್ಡ ಅಧ್ಯಯನವು, ಹಗಲಿನ ತೂಕಡಿಕೆ ಹೆಚ್ಚಿಲ್ಲದ ಹೃದ್ರೋಗಿಗಳಲ್ಲಿ ಸಿಪ್ಯಾಪ್ ಹೃದಯಾಘಾತ, ಪಾರ್ಶ್ವವಾಯುಗಳನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲವೆಂದು ಹೇಳಿದ್ದೂ ನಿಜ. ಆದರೆ ಅದೇ ಅಧ್ಯಯನದಲ್ಲಿ ರೋಗಿಗಳು ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ ಸುಮಾರು 3.3 ಗಂಟೆ ಮಾತ್ರ. ಅಷ್ಟರಲ್ಲಿಯೇ ಗೊರಕೆ ಮತ್ತು ಹಗಲಿನ ತೂಕಡಿಕೆ ತಗ್ಗಿದವು, ಬಾಳಿನ ಗುಣಮಟ್ಟ ಸುಧಾರಿಸಿತು. ಆದುದರಿಂದ ಎಲ್ಲರಿಗೂ ಒಂದೇ ತುರ್ತು ಎನ್ನುವುದು ತಪ್ಪು. ಯಾರಿಗೂ ತುರ್ತಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಬ್ರಿಟನ್ನಿನ 'ನೈಸ್' ಸಂಸ್ಥೆಯ 2021ರ ಮಾರ್ಗಸೂಚಿ ವೃತ್ತಿಯಿಂದ ವಾಹನ ಓಡಿಸುವವರು, ಎಚ್ಚರ ತಪ್ಪಿದರೆ ಅಪಾಯವಾಗುವ ಕೆಲಸದವರು, ಹೃದ್ರೋಗ ಸ್ಥಿಮಿತದಲ್ಲಿಲ್ಲದವರು, ಗರ್ಭಿಣಿಯರು, ದೊಡ್ಡ ಶಸ್ತ್ರಕ್ರಿಯೆಗೆ ಸಿದ್ಧರಾಗುತ್ತಿರುವವರು ಇವರನ್ನು ಸರದಿಯಲ್ಲಿ ಮುಂದಕ್ಕೆ ತರಬೇಕೆನ್ನುತ್ತದೆ. ಈ ವಿವೇಕಕ್ಕೆ ಹಣ ಬೇಕಿಲ್ಲ. ಪೆನುಕೊಂಡೆಯ ಬಳಿ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲೋ, ಶಿರಾದ ಬಳಿ 48ನೆಯ ಹೆದ್ದಾರಿಯಲ್ಲೋ ಇರುಳೆಲ್ಲ ಲಾರಿ ಓಡಿಸುವ ಮಡಕಶಿರಾದ ಚಾಲಕನ ವರದಿ ಕಪಾಟಿನಲ್ಲಿ ಕುಳಿತಿದ್ದರೆ, ಅಪಾಯ ಅವನೊಬ್ಬನದಲ್ಲ, ಎದುರಿನಿಂದ ಬರುವ ಬಸ್ಸಿನದೂ ಹೌದು.

ಕಾಯುವ ಕಾಲ ಬರಿದಾಗಿರಬೇಕಿಲ್ಲವೆಂಬುದೂ ಮುಖ್ಯ. ಅಂಗಾತ ಮಲಗದೆ ಮಗ್ಗುಲಾಗಿ ಮಲಗಿದರೆ ಹಲವರಿಗೆ ಉಸಿರಿನ ದಾರಿ ಸ್ವಲ್ಪ ತೆರೆದಿರುತ್ತದೆ. ಮದ್ಯವೂ ವೈದ್ಯರನ್ನು ಕೇಳದೆ ನುಂಗುವ ನಿದ್ರೆಮಾತ್ರೆಯೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ನಿದ್ದೆ ಸರಿಯಿಲ್ಲವೆಂದು ಇವನ್ನೇ ಮೊರೆಹೋಗುವವರು ಬೆಂಕಿಗೆ ಎಣ್ಣೆ ಹೊಯ್ದುಕೊಳ್ಳುತ್ತಾರೆ. ಮೈತೂಕ ಹೆಚ್ಚಿದ್ದವರು ಇಳಿಸಿಕೊಂಡರೆ ಪ್ರಯೋಜನವುಂಟು. ತೂಕಡಿಕೆಯಿರುವವರು ವಾಹನ ಓಡಿಸಬಾರದು. ಬೇರಾವುದೇ ಶಸ್ತ್ರಕ್ರಿಯೆಗೆ ಹೋದಾಗ ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯ ಸಂಗತಿಯನ್ನು ತಪ್ಪದೆ ತಿಳಿಸಬೇಕು. ಇವು ಚಿಕಿತ್ಸೆಗೆ ಬದಲಿಯಲ್ಲ, ಚಿಕಿತ್ಸೆಯವರೆಗಿನ ಊರುಗೋಲು. ಇಷ್ಟನ್ನು ಹೇಳಲು ಐದು ನಿಮಿಷ ಸಾಕು; ಹೇಳದೆ ಬಿಟ್ಟರೆ ರೋಗಿ ಹೆಸರೊಂದನ್ನು ಹೊತ್ತು, ಭಯವೊಂದನ್ನು ಹೊತ್ತು ಊರಿಗೆ ಮರಳುತ್ತಾನೆ.

ಯಂತ್ರ ಬಂದ ಮೇಲೂ ಊರಿನ ಬದುಕು ತನ್ನ ಪ್ರಶ್ನೆಗಳನ್ನು ಕೇಳುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಮನೆಗಳಲ್ಲಿ ವಿದ್ಯುತ್ತಿನ ತಂತಿ ಎಲ್ಲಿಂದ ಬರಬೇಕು? ನಡುರಾತ್ರಿ ಕರೆಂಟು ಹೋದರೆ ಏನು ಮಾಡಬೇಕು? ಕುರಿಮಂದೆಯೊಡನೆ ಹೊಲದಲ್ಲಿ ಮಲಗುವವನ ಗತಿಯೇನು? ಬ್ಯಾಟರಿಯ ಏರ್ಪಾಡು ಸಾಧ್ಯವೇ, ಗಾಳಿಗೆ ತೇವ ಕೊಡುವ ಪಾತ್ರೆಗೆ ಎಂಥ ನೀರು ಹಾಕಬೇಕು, ಧೂಳು ಹಿಡಿದ ಸೋಸುಬಟ್ಟೆಯನ್ನು ಯಾವಾಗ ಬದಲಿಸಬೇಕು ಎಂಬುದನ್ನು ಮೊದಲೇ ತಿಳಿಸದಿದ್ದರೆ, ಕಷ್ಟಪಟ್ಟು ಕೊಂಡ ಯಂತ್ರ ಅಟ್ಟ ಸೇರುತ್ತದೆ. ಕಾಯುವ ದಿನಗಳನ್ನೇ ಈ ಸಿದ್ಧತೆಗೆ ಬಳಸಿಕೊಳ್ಳುವುದು ಜಾಣತನ.

ಇಲ್ಲಿಯೇ ಭಾಷೆಯ ಮಾತು ಬರುತ್ತದೆ. ಗಡಿನಾಡಿನಲ್ಲಿ ವರದಿ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ತೆಲುಗಿನಲ್ಲಿ, ಮನೆಯ ಸಂಕಟ ಕನ್ನಡದಲ್ಲಿ. ನಿದ್ರೆಯ ಕಾಯಿಲೆಯಲ್ಲಿ ರೋಗಿಯೇ ಸಾಕ್ಷಿಯಲ್ಲ. ಪಕ್ಕದಲ್ಲಿ ಮಲಗಿದ ಹೆಂಡತಿಯೋ ತಾಯಿಯೋ ಸಾಕ್ಷಿ. 'ಗೊರಕೆ ನಡುವೆ ನಿಂತ್ ಬಿಡ್ತೈತಿ, ಆಮೇಲೆ ಬೆಚ್ಚಿ ಉಸಿರೆಳೀತಾನೆ' ಎಂಬ ಅವಳ ಮಾತು ಒಂದು ಯಂತ್ರದ ಗೆರೆಯಷ್ಟೇ ಬೆಲೆಯುಳ್ಳದ್ದು. ಆ ಮಾತನ್ನು ಅವಳ ನುಡಿಯಲ್ಲಿಯೇ ಕೇಳಿಸಿಕೊಳ್ಳುವವರು ಬೇಕು. ಕಾಯಿಲೆ ಹೆಂಗಸಿನದಾದರೆ ಕಷ್ಟ ಇನ್ನೂ ಹೆಚ್ಚು. ದಣಿವು, ತಲೆನೋವು, ನಿದ್ದೆ ಬಾರದಿರುವಿಕೆ ಎಂಬ ರೂಪದಲ್ಲಿ ಬರುವ ಅವಳ ತೊಂದರೆಯನ್ನು ಮನೆಗೆಲಸದ ಆಯಾಸವೆಂದು ತಳ್ಳಿಹಾಕುವುದು ಸುಲಭ. ಹೆಂಗಸಿನ ಗೊರಕೆಯನ್ನು ಹೇಳಿಕೊಳ್ಳುವುದಕ್ಕೇ ನಾಚಿಕೆ.

ಕನ್ನಡ ಮಾಧ್ಯಮದ ಶಾಲೆಗಳು ಈ ತಾಲ್ಲೂಕುಗಳಲ್ಲಿ ಇಂದಿಗೂ ಉಸಿರಾಡುತ್ತಿವೆ. ಅವುಗಳ ಉಳಿವಿಗಾಗಿ ನಡೆಯುವ ಚರ್ಚೆಗಳಲ್ಲಿ ಭಾಷೆ ಹೆಚ್ಚಾಗಿ ಸಾಹಿತ್ಯ, ಪರಂಪರೆ, ಶಾಸನಗಳ ಸಂಗತಿಯಾಗಿ ಕಾಣಿಸಿಕೊಳ್ಳುತ್ತದೆ. ಅದು ಸಲ್ಲಬೇಕಾದ ಗೌರವವೇ. ಆದರೆ ಒಂದು ಭಾಷೆಯ ಬಲ ಪರೀಕ್ಷೆಗೊಳಗಾಗುವುದು, ಆ ಭಾಷೆಯನ್ನಾಡುವವನಿಗೆ ತನ್ನ ಕಾಯಿಲೆ ಏನೆಂದು ಅದೇ ಭಾಷೆಯಲ್ಲಿ ತಿಳಿಯುತ್ತದೆಯೇ ಎಂಬಲ್ಲಿ. ಕಾಯುವ ಕಾಲದಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಯಾರು ಮೊದಲು ಚಿಕಿತ್ಸೆ ಪಡೆಯಬೇಕು ಎಂಬುದನ್ನು ಗಡಿಸೀಮೆಯ ಆಡುನುಡಿಗೆ ಹತ್ತಿರವಾದ ಕನ್ನಡದಲ್ಲಿ ಎರಡು ಪುಟಗಳಲ್ಲಿ ಬರೆದು, ವೈದ್ಯರಿಗೆ ತೋರಿಸಿ ತಿದ್ದಿಸಿ, ಬಳ್ಳಾರಿಯ ಹಾಗೂ ಹಿಂದೂಪುರದ ಆಸ್ಪತ್ರೆಗಳಿಗೆ ಕಳುಹಿಸುವ ಕೆಲಸ ಯಾವ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೂ ಮೀರಿದುದಲ್ಲ. ಯಂತ್ರವನ್ನು ಸರ್ಕಾರ ಕೊಡಬೇಕು. ಸರದಿಯನ್ನು ಆಸ್ಪತ್ರೆ ಕಾಯಬೇಕು. ಮಾತನ್ನು ಕನ್ನಡ ಬಲ್ಲವರು ಕೊಡಬೇಕು. ಮೊದಲಿನೆರಡಕ್ಕೆ ಕಾಲ ಹಿಡಿದೀತು. ಮೂರನೆಯದಕ್ಕೆ ಕಾಯಬೇಕಾದ ಕಾರಣ ಯಾವುದೂ ಇಲ್ಲ.