ಗುಟ್ಟಿನ ಲೆಕ್ಕಕ್ಕೆ ಬಹಿರಂಗ ಪರೀಕ್ಷೆ ಬೇಕು

ಸಹಕಾರ ಸಂಘಗಳ ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಏರುತ್ತಿವೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿಯೇ ಒಪ್ಪಿಗೆ ನೀಡಿತು. ಸದಸ್ಯರ ಆಧಾರ್ ಸಂಖ್ಯೆ, ಪಹಣಿ, ಬೆಳೆಸಾಲ, ಒಡವೆ ಸಾಲ ಎಲ್ಲವೂ ಕಾರ್ಯದರ್ಶಿಗಳ ಬೀರುವಿನಿಂದ ಯಂತ್ರದೊಳಕ್ಕೆ ಹೋಗುತ್ತಿವೆ. ಅನ್ಯರ ಕೈಸೇರಿದರೂ ಓದಲಾಗದಂತೆ ಇವನ್ನು ಗೂಢಲಿಪಿಗೆ ತಿರುಗಿಸುವ ಸಿದ್ಧ ಕಾರ್ಯಕ್ರಮಗಳ ಕಟ್ಟಿಗೆ ಎನ್‌ಕ್ರಿಪ್ಷನ್ ಲೈಬ್ರರಿ ಎನ್ನುತ್ತಾರೆ.

"ಇದು ನಾವೇ ರೂಪಿಸಿದ ಗುಪ್ತ ವಿಧಾನ, ಯಾರಿಗೂ ತಿಳಿಯದು" ಎಂದು ಹೇಳಿಕೊಂಡು ಬರುವವರನ್ನು ಆಡಳಿತ ಮಂಡಳಿಗಳು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೋರ್ಡೋ ದ್ರಾವಣದ ಪಾಕ ಲೋಕಕ್ಕೆಲ್ಲ ಗೊತ್ತು. ಅದರಿಂದ ಕೊಳೆರೋಗಕ್ಕೇನೂ ಅನುಕೂಲವಾಗಿಲ್ಲವಷ್ಟೆ! ಇಲ್ಲಿಯೂ ವಿಧಾನ ಬಹಿರಂಗವಿರಬೇಕು, ಕೀಲಿ ಮಾತ್ರ ಗುಟ್ಟಾಗಿರಬೇಕು. ಅಮೆರಿಕದ ಮಾನಕ ಸಂಸ್ಥೆಯು 1997ರಲ್ಲಿ ಹೊಸ ವಿಧಾನಕ್ಕೆ ಆಹ್ವಾನ ಕೊಟ್ಟಾಗ 15 ವಿಧಾನಗಳು ಕಣಕ್ಕಿಳಿದವು. ನಾನಾ ದೇಶದ ತಜ್ಞರು ಅವನ್ನು ಒಡೆಯಲು ಬಹಿರಂಗವಾಗಿಯೇ ಹೆಣಗಿದ ಮೇಲೆ, 2000ರಲ್ಲಿ ಬೆಲ್ಜಿಯಂನ ಇಬ್ಬರು ರಚಿಸಿದ ವಿಧಾನ ಆಯ್ಕೆಯಾಯಿತು. ಇಂದು ಎ.ಇ.ಎಸ್. ಎಂದು ಎಲ್ಲೆಡೆ ಬಳಕೆಯಲ್ಲಿರುವುದು ಅದೇ.

ವಿಧಾನ ಒಳ್ಳೆಯದಾದರೂ ಕಟ್ಟುವಾಗ ಕೆಡಬಹುದು. ಓಪನ್‌ಎಸ್‌ಎಸ್‌ಎಲ್ ಎಂಬ ಪ್ರಸಿದ್ಧ ಲೈಬ್ರರಿಯನ್ನು ತಮ್ಮ ವ್ಯವಸ್ಥೆಗೆ ಹೊಂದಿಸುವಾಗ ಡೆಬಿಯನ್‌ನವರು 2006ರಲ್ಲಿ, ಪರೀಕ್ಷಾ ಸಾಧನವೊಂದು ಆಕ್ಷೇಪಿಸಿತೆಂದು ಕೆಲ ಸಾಲುಗಳನ್ನು ತೆಗೆದರು. ಊಹೆಗೆ ನಿಲುಕದ ಕೀಲಿ ಹುಟ್ಟಿಸುತ್ತಿದ್ದುದೇ ಆ ಸಾಲುಗಳು! ಒಂದೊಂದು ಬಗೆಯ ಕೀಲಿಗೆ ಉಳಿದದ್ದು ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ. ಯಂತ್ರಕ್ಕೆ ಅಷ್ಟನ್ನು ಪ್ರಯತ್ನಿಸಿ ನೋಡುವುದು ದೊಡ್ಡ ಕೆಲಸವಲ್ಲ. ಬರಹ ಗೂಢಲಿಪಿಯಾಗುತ್ತಿತ್ತು, ಮರಳಿ ಓದಲೂ ಬರುತ್ತಿತ್ತು. ದೋಷ ಬಯಲಾದದ್ದು 2008ರ ಮೇ ತಿಂಗಳಲ್ಲಿ.

ದ್ರಾವಣ ನೀಲಿಯಾಗಿ ಕಂಡ ಮಾತ್ರಕ್ಕೆ ನಾವು ಸಿಂಪಡಿಸುತ್ತೇವೆಯೇ? ಕಬ್ಬಿಣದ ಚೂರಿ ಅದ್ದಿ, ತಾಮ್ರ ಹಿಡಿಯಿತೇ ಎಂದು ನೋಡುತ್ತೇವೆ. ಹಿಡಿದರೆ ಇನ್ನಷ್ಟು ಸುಣ್ಣ ಬೆರೆಸುತ್ತೇವೆ. ಲೈಬ್ರರಿಗೂ ಚೂರಿಯಂಥ ಪರೀಕ್ಷೆಗಳಿವೆ. ಉತ್ತರ ಮೊದಲೇ ಗೊತ್ತಿರುವ ಮಾದರಿಗಳನ್ನು ಕೊಟ್ಟು ತಾಳೆ ನೋಡುವುದು ಒಂದು. ಬೇಕೆಂದೇ ತಪ್ಪು ಮಾಹಿತಿ ಕೊಟ್ಟು ಅದು ತಿರಸ್ಕರಿಸುತ್ತದೆಯೇ ಎಂದು ನೋಡುವುದು ಇನ್ನೊಂದು, ಹೆಚ್ಚು ಮುಖ್ಯವಾದದ್ದು. 2014ರಲ್ಲಿ ಇದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಕಂಡ 'ಹಾರ್ಟ್‌ಬ್ಲೀಡ್' ದೋಷ ಅಂಥದು: ಬಂದ ಸಂದೇಶ ಎಷ್ಟು ಉದ್ದವೆಂದು ಕಳುಹಿಸಿದವನು ಹೇಳಿದ್ದನ್ನೇ ನಂಬಿ, ಯಂತ್ರವು ನೆನಪಿನಲ್ಲಿದ್ದ ಬೇರೆಯವರ ಗುಟ್ಟನ್ನೂ ಸೇರಿಸಿ ಹಿಂದಕ್ಕೆ ಕಳುಹಿಸುತ್ತಿತ್ತು.

ಮುಂದಿನ ಮಹಾಸಭೆಯಲ್ಲಿ ಗಣಕಯಂತ್ರದ ಬಾಬ್ತಿನ ಖರ್ಚು ಮಂಜೂರಾತಿಗೆ ಬಂದಾಗ ಸದಸ್ಯರು ಕೇಳಬೇಕು: ಯಾವ ಲೈಬ್ರರಿ, ಪರೀಕ್ಷಿಸಿದವರು ಯಾರು, ದೋಷ ಕಂಡರೆ ಎಷ್ಟು ದಿನದಲ್ಲಿ ತಿದ್ದಿಕೊಡುತ್ತಾರೆ, ಕೀಲಿ ಯಾರ ವಶದಲ್ಲಿರುತ್ತದೆ? ಉತ್ತರಗಳು ನಡವಳಿ ಪುಸ್ತಕದಲ್ಲಿ ದಾಖಲಾಗಲಿ.